ಒರೆಸಿದ ಆಕಾಶ

ಬೂಷ್ಟು ಅಷ್ಟು ಸಲೀಸಾಗಿ ಬಿಟ್ಟು ಬರುತ್ತಿದ್ದಾಗಲೇ ಉಮಾವತಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿಯ ಉಂಡೆಯನ್ನು ಚಿತ್ರದ ಮೇಲೆ ಮೆಲ್ಲಗೆ ಒತ್ತಿ ತೆಗೆದರೆ ಸಾಕು, ಬಿಳಿ ಚುಕ್ಕಿಗಳು ಹತ್ತಿಗೆ ಅಂಟಿಕೊಂಡು ಬರುತ್ತಿದ್ದವು. ಕೆಳಗಿನ ಬೂದುನೀಲಿ ಬಣ್ಣ ಒಂದಿಷ್ಟೂ ಕದಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಆಕಾಶ ಸ್ವಚ್ಛವಾಯಿತು. ಅವಳು ಕುರ್ಚಿಯನ್ನು ಹಿಂದೆ ಸರಿಸಿ, ತಲೆ ಓರೆ ಮಾಡಿ ನೋಡಿ, ಪರವಾಗಿಲ್ಲ, ಅಪ್ಪ ಕಲಿಸಿದ್ದು ಕೈಯಲ್ಲಿ ಇನ್ನೂ ಉಳಿದಿದೆ ಎಂದು ಖುಷಿಪಟ್ಟಳು.

ಅವಳ ಅಪ್ಪ ಸೇಸಪ್ಪ ಪುತ್ತೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದವರು. ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಊರಿನ ದೇವರ ಕೋಣೆಗಳಲ್ಲೆಲ್ಲ ಬೂಷ್ಟು ಏಳುತ್ತಿತ್ತು. ಲಕ್ಷ್ಮಿಯ ಸೀರೆಗೆ ಇಲ್ಲದ ಬುಟ್ಟಾ ಬರುತ್ತಿತ್ತು, ತೀರಿಹೋದ ಅಜ್ಜಂದಿರ ಕರಿ ಮೀಸೆಗಳು ಗೋಡೆಯ ಮೇಲೆಯೇ ನರೆಯುತ್ತಿದ್ದವು. ಜನ ಅವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಿದ್ದರು. ಉಜ್ಜಬಾರದು, ಒತ್ತಿ ಎತ್ತಬೇಕು ಎಂದು ಸೇಸಪ್ಪ ಮಗಳಿಗೆ ಎಂಟನೆಯ ವಯಸ್ಸಿಗೇ ಹೇಳಿಕೊಟ್ಟಿದ್ದರು. ಹೀಗೆ ಬೆಳೆದವಳಿಗೆ ಹಳೆಯ ಕಾಗದದ ಮೇಲಿನ ಬಿಳಿ ಚುಕ್ಕಿ ಇನ್ನೇನಾಗಿ ಕಾಣಬೇಕು? ಅದೂ ಅಲ್ಲದೆ ಚುಕ್ಕಿಗಳು ಚಿತ್ರದ ಒಳಗೆ ಮಾತ್ರ ಇರಲಿಲ್ಲ, ಅಂಚಿನ ಖಾಲಿ ಕಾಗದದ ಮೇಲೂ ಸಿಡಿದಿದ್ದವು. ಚಿತ್ರ ಬರೆಯುವವನು ಗೆರೆ ದಾಟಿ ಬರೆಯುತ್ತಾನೆಯೇ? ಗೆರೆ ದಾಟುವುದು ಬೂಷ್ಟಿನ ಜಾಯಮಾನ.

ಮಸ್ಕತ್ತಿನ ಅಲ್ ಗುಬ್ರಾದ ಒಳರಸ್ತೆಯೊಂದರಲ್ಲಿ ಮೊಯ್ದೀನ್ ಬ್ಯಾರಿಯ ಫ್ರೇಮಿನ ಅಂಗಡಿ. ಉಮಾವತಿ ಬೆಳಿಗ್ಗೆ ಮಗಳು ತೃಷಾಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಅಲ್ಲಿಗೆ ಬಂದರೆ ಎರಡು ಗಂಟೆಯವರೆಗೆ ಹಿಂದಿನ ಮೇಜು ಅವಳದು. ಕುರಾನಿನ ಸಾಲುಗಳು, ಶಾಲೆಯ ಸರ್ಟಿಫಿಕೇಟುಗಳು, ಮದುವೆಯ ಫೋಟೋಗಳು ಎಲ್ಲವೂ ಅವಳ ಕೈಯಿಂದ ಹಾದುಹೋಗುತ್ತಿದ್ದವು. ಈ ಚಿತ್ರ ಬಂದದ್ದು ಭಾನುವಾರ, ಅಲ್ಲಿಯ ವಾರದ ಮೊದಲ ಕೆಲಸದ ದಿನ. ತಂದವರು ಗೋಪಾಲಕೃಷ್ಣ. ಪಂಪು, ವಾಲ್ವುಗಳ ವ್ಯಾಪಾರದ ಕಂಪನಿಯ ಯಜಮಾನ, ಕರಾವಳಿಯವರ ಸಂಘದ ಅಧ್ಯಕ್ಷ, ಉಮಾವತಿಯ ಗಂಡ ಲತೇಶನ ಅನ್ನದಾತ. ಲತೇಶ ಅವರನ್ನು ಆಫೀಸಿನಲ್ಲಿ ಸರ್ ಎನ್ನುತ್ತಿದ್ದ, ಸಂಘದಲ್ಲಿ ಗೋಪಾಲಣ್ಣ ಎನ್ನುತ್ತಿದ್ದ, ಮನೆಯಲ್ಲಿ ಅವರ ಹೆಸರು ಬಂದರೆ ಕಾಲು ಮಡಿಸಿ ಕೂತುಕೊಳ್ಳುತ್ತಿದ್ದ.

ಅವರ ಜೊತೆ ಮೊರಿತಾ ಎಂಬ ಜಪಾನಿ ಇಂಜಿನಿಯರೂ ಬಂದಿದ್ದರು. ಹನ್ನೊಂದು ವರ್ಷ ಉಪ್ಪುನೀರನ್ನು ಸಿಹಿ ಮಾಡುವ ಕೆಲಸದಲ್ಲಿದ್ದು ಈಗ ನಿವೃತ್ತರಾಗಿ ಊರಿಗೆ ಹೊರಟವರು. ಗೋಪಾಲಕೃಷ್ಣರು ವರ್ಷಾನುಗಟ್ಟಲೆ ಕೊಟ್ಟ ಗೋಡಂಬಿ ಡಬ್ಬಿಗಳಿಗೆ ಪ್ರತಿಯಾಗಿ ಮೊರಿತಾ ತಮ್ಮ ಅಜ್ಜನ ಕಾಲದ ಈ ಚಿತ್ರವನ್ನು ಅವರಿಗೆ ಉಡುಗೊರೆ ಕೊಟ್ಟಿದ್ದರು. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಒತ್ತಿ ತೆಗೆದದ್ದು. ಹಿಂದೆ ತಿರುಗಿಸಿದರೆ ಉಜ್ಜಿದ ಸುತ್ತು ಸುತ್ತು ಗುರುತು ಕಾಣುತ್ತಿತ್ತು. ಮುಂದೆ ಮೂರು ಮನೆಗಳ ಮಾಡುಗಳು, ಒಂದು ಮರದ ಸೇತುವೆ, ಎಲ್ಲದರ ಮೇಲೂ ದಪ್ಪಗೆ ಬಿಳುಪು. ಸೇತುವೆಯ ಮೇಲೆ ಒಬ್ಬ ಮನುಷ್ಯ ಬೆನ್ನು ಬಾಗಿಸಿ, ಎರಡೂ ಕೈಯಲ್ಲಿ ಕೊಡೆ ಹಿಡಿದು, ನಮಗೆ ಬೆನ್ನು ಹಾಕಿ ಹೋಗುತ್ತಿದ್ದ. ಮೊರಿತಾ ಬೆರಳು ತಾಗಿಸದೆ ತೋರಿಸಿ, ನನ್ನ ಊರು, ಜನವರಿ ಎಂದು ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದ್ದರು. ಶುಕ್ರವಾರ ಗೋಪಾಲಕೃಷ್ಣರ ಮನೆಯಲ್ಲಿ ಅವರಿಗೆ ಬೀಳ್ಕೊಡುಗೆ ಊಟ, ಅಷ್ಟರೊಳಗೆ ಚಿತ್ರ ಗೋಡೆಯ ಮೇಲಿರಬೇಕು ಎಂದಾಗಿತ್ತು.

ಬಿಳುಪು ಹಿಮ ಎನ್ನುವುದು ಉಮಾವತಿಗೆ ಗೊತ್ತಿಲ್ಲದೆ ಇರಲಿಲ್ಲ. ಸಿನಿಮಾದಲ್ಲಿ ಸೀರೆ ಉಟ್ಟ ನಾಯಕಿಯರು ಅದರಲ್ಲಿ ಕುಣಿದದ್ದನ್ನು ಅವಳೂ ನೋಡಿದ್ದಳು. ಆದರೆ ಅವಳ ತಿಳುವಳಿಕೆಯಲ್ಲಿ ಹಿಮ ಎಂದರೆ ನೆಲದ ಮೇಲೆ ಬಿದ್ದಿರುವಂಥದ್ದು. ಅದು ಮೇಲಿಂದ ಬೀಳುತ್ತಿರುವಾಗ ಹೇಗಿರುತ್ತದೆ ಎಂದು ಯೋಚಿಸುವ ಪ್ರಮೇಯ ಪುತ್ತೂರಿನಲ್ಲೂ ಬಂದಿರಲಿಲ್ಲ, ಮಸ್ಕತ್ತಿನಲ್ಲೂ ಬಂದಿರಲಿಲ್ಲ.

ಮೊಯ್ದೀನ್ ಬ್ಯಾರಿಯ ಅಂಗಡಿಯಲ್ಲಿ ಯಾವ ವಸ್ತು ಬಂದರೂ ಮೊದಲು ಫೋಟೋ ಹೊಡೆದಿಡುವ ಕ್ರಮ. ಉಮಾವತಿ ಆ ಫೋಟೋದ ಪಕ್ಕದಲ್ಲಿ ತಾನು ಸ್ವಚ್ಛ ಮಾಡಿದ್ದರ ಫೋಟೋ ಇಟ್ಟು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಹೊಗಳಿಸಿಕೊಳ್ಳುವ ಆಸೆ ಯಾರಿಗಿಲ್ಲ? ಶಾಲೆಯ ಬಸ್ಸಿನಿಂದ ತೃಷಾಳ ಉತ್ತರ ಬಂತು.

"ಅಮ್ಮಾ, ವೇರ್ ಡಿಡ್ ದ ಸ್ನೋ ಗೋ?"

ಉಮಾವತಿ ಅದನ್ನು ಎರಡು ಸಲ ಓದಿದಳು. ಆಮೇಲೆ ಮೊದಲಿನ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಆಕಾಶದ ತುಂಬ ಹಿಮ ಬೀಳುತ್ತಿತ್ತು. ಸೇತುವೆಯ ಮನುಷ್ಯನ ತೋಳಿನ ಮೇಲೆ, ಕೊಡೆಯ ಅಂಚಿನಲ್ಲಿ, ಚಿತ್ರದ ಗೆರೆ ದಾಟಿ ಹೊರಗೂ. ಅಷ್ಟು ಜೋರಾಗಿ ಬೀಳುತ್ತಿದ್ದುದರಿಂದಲೇ ಅವನು ಬಾಗಿದ್ದ. ಮೇಜಿನ ಮೇಲಿದ್ದ ಚಿತ್ರದಲ್ಲಿ ಅವನು ಸುಮ್ಮಸುಮ್ಮನೆ ಬಾಗಿದ್ದ.

ಅವಳು ಕಸದ ಬುಟ್ಟಿ ನೋಡಿದಳು. ಹತ್ತಿಯ ಉಂಡೆಗಳ ಮೇಲೆ ಮೊಯ್ದೀನ್ ಬ್ಯಾರಿ ಚಾದ ಚೀಲ ಬಿಸಾಡಿದ್ದರು, ಅದರ ಮೇಲೆ ಮೀನಿನ ಮುಳ್ಳು. ಕಂದು ನೀರು ಕುಡಿದು ಉಬ್ಬಿದ ಒಂದು ಉಂಡೆಯನ್ನು ಎತ್ತಿ ಬೆರಳುಗಳ ನಡುವೆ ತಿಕ್ಕಿದಳು. ಬೂಷ್ಟು ಜಿಡ್ಡಾಗಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಇದು ತರಿತರಿಯಾಗಿ, ಅಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಚಿಪ್ಪುಸುಣ್ಣದ ಹಾಗಿತ್ತು. ಒರೆಸುವಾಗಲೂ ಬೆರಳಿಗೆ ಇದೇ ತಾಗಿತ್ತಲ್ಲ ಎಂದು ಅವಳಿಗೆ ನೆನಪಾಯಿತು. ಬೆರಳಿಗೆ ಗೊತ್ತಾಗಿತ್ತು, ಜಂಬದಲ್ಲಿ ಅವಳು ಕೇಳಿಸಿಕೊಂಡಿರಲಿಲ್ಲ. ತನ್ನ ಮೇಲೆಯೇ ಹೇಸಿಗೆಯಾಗಿ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದಳು.

ಮೊಯ್ದೀನ್ ಬ್ಯಾರಿ ಕೆಟ್ಟ ಮನುಷ್ಯ ಅಲ್ಲ. ಅವರು ಎರಡೂ ಫೋಟೋ ನೋಡಿ, ಗಡ್ಡ ತುರಿಸಿಕೊಂಡು, ಒಂದು ಪರಿಹಾರವನ್ನೂ ಸೂಚಿಸಿದರು.

"ವೈಟ್ನರ್ ಉಂಟಲ್ಲ ಉಮಾ, ಸಣ್ಣ ಬ್ರಶ್ಶಿನಲ್ಲಿ ಚುಕ್ಕಿ ಚುಕ್ಕಿ ಇಟ್ಟುಬಿಡು. ಫೋಟೋ ನೋಡ್ಕೊಂಡು ಇಟ್ರಾಯ್ತು. ಗ್ಲಾಸ್ ಹಾಕಿದ ಮೇಲೆ ಯಾರಿಗೆ ಗೊತ್ತಾಗ್ತದೆ?"

"ಅದು ಬೇಡ ಮೊಯ್ದೀನಾಕ," ಎಂದಳು ಉಮಾವತಿ. "ಹಾಳು ಮಾಡಿದ್ದು ಸಾಕು, ಅದ್ರ ಮೇಲೆ ಮೋಸ ಬೇಡ."

ಹಾಗಾದರೆ ನಿನ್ನ ಇಷ್ಟ, ಗಿರಾಕಿಗೆ ಹೇಳುವುದಿದ್ದರೂ ನೀನೇ ಹೇಳು, ಅಂಗಡಿಯ ಹೆಸರು ಮಾತ್ರ ಸ್ವಲ್ಪ ನೋಡಿಕೋ ಎಂದು ಅವರು ನಮಾಜಿಗೆ ಹೋದರು.

ಸಂಜೆ ಲತೇಶ ಬಾಗಿಲಲ್ಲಿ ಶೂ ಬಿಚ್ಚುತ್ತಿರುವಾಗಲೇ ಅವಳು ಹೇಳಿಬಿಟ್ಟಳು. ಅವನು ಒಂದು ಕಾಲಿನ ಶೂ ಕೈಯಲ್ಲಿ ಹಿಡಿದುಕೊಂಡೇ ಸೋಫಾದಲ್ಲಿ ಕೂತ. ಆಫೀಸಿನಿಂದ ಜೂನ್ ಕೊನೆಗೆ ಮೂವರನ್ನು ತೆಗೆಯುವ ಮಾತು ನಡೆದಿತ್ತು. ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಗೋಪಾಲಕೃಷ್ಣರಿಗೆ ಮಾತ್ರ ಗೊತ್ತು. ತೃಷಾಗೆ ಮುಂದಿನ ವರ್ಷ ಹತ್ತನೆಯ ಕ್ಲಾಸು. ಲತೇಶನ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಇದನ್ನೆಲ್ಲ ಅವನು ಶೂ ಅಲ್ಲಾಡಿಸುತ್ತ ಹೇಳಿದ. ಅವಳಿಗೇನೂ ಹೊಸತಲ್ಲ.

"ಶುಕ್ರವಾರ ಮೊರಿತಾ ನೋಡ್ತಾರಲ್ಲ," ಎಂದಳು ಅವಳು.

"ನೋಡ್ಲಿ. ಅವ್ರು ಶನಿವಾರದ ಫ್ಲೈಟಿನಲ್ಲಿ ಹೋಗ್ತಾರೆ. ನಮಗೆ ಇಲ್ಲಿ ಇರ್ಲಿಕ್ಕುಂಟು."

"ಸರ್‌ಗಾದ್ರೂ ಮೊದ್ಲೇ ಹೇಳ್ಬೇಕಲ್ವಾ?"

"ನಾನು ಟೈಮ್ ನೋಡಿ ಹೇಳ್ತೇನೆ. ನೀನು ಬಾಯಿ ಹಾಕ್ಬೇಡ."

ಅವಳು ನಂಬಿದಳು. ಹದಿನಾರು ವರ್ಷದ ಸಂಸಾರದಲ್ಲಿ ಆ ಟೈಮು ಯಾವತ್ತೂ ಬಂದದ್ದಿಲ್ಲ ಎಂದು ಗೊತ್ತಿದ್ದೂ ನಂಬಿದಳು. ಬುಧವಾರ ಗೋಪಾಲಕೃಷ್ಣರ ಡ್ರೈವರ್ ಬಂದು ಚಿತ್ರ ಒಯ್ದ. ಆವತ್ತು ಸಂಜೆ, ಗುರುವಾರ ಸಂಜೆ, ಹೇಳಿದಿರಾ ಎಂದು ಕೇಳಿದ್ದಕ್ಕೆ ಲತೇಶ ತಲೆಯನ್ನು ಹೌದೂ ಅಲ್ಲ, ಇಲ್ಲವೂ ಅಲ್ಲ ಎನ್ನುವ ಹಾಗೆ ಆಡಿಸಿದ.

ಶುಕ್ರವಾರದ ಹೊತ್ತಿಗೆ ಮೇ ತಿಂಗಳ ಬಿಸಿಲು ಅಲ್ ಅಜೈಬಾ ಬಡಾವಣೆಯ ಗೋಡೆಗಳನ್ನು ಮುಟ್ಟಲಾಗದಂತೆ ಮಾಡಿತ್ತು. ಗೋಪಾಲಕೃಷ್ಣರ ಮನೆಯ ಒಳಗೆ ಮಾತ್ರ ಚಳಿ. ನಾಲ್ಕು ಏಸಿಗಳು ಒಟ್ಟಿಗೆ ಓಡುತ್ತಿದ್ದವು. ಆ ತಂಪಿನಲ್ಲಿ ಊದುಬತ್ತಿ, ಅತ್ತರು, ಕೋಳಿ ಸುಕ್ಕ, ಹೊಸ ಸೋಫಾದ ಚರ್ಮ ಎಲ್ಲದರ ವಾಸನೆ ಒಂದರ ಮೇಲೊಂದು ಕೂತು, ಒಳಗೆ ಕಾಲಿಡುತ್ತಲೇ ಉಮಾವತಿಯ ಮೂಗಿಗೆ ಅಡರಿತು. ಸಂಘದ ಹತ್ತಿಪ್ಪತ್ತು ಜನ ಆಗಲೇ ಕೋಳಿಯ ತುಂಡು ಚೀಪುತ್ತ ನಿಂತಿದ್ದರು. ಚಿತ್ರ ಟಿವಿಯ ಪಕ್ಕದಲ್ಲಿ, ಚಿನ್ನದ ಬಣ್ಣದ ಪ್ಲಾಸ್ಟಿಕ್ ನವಿಲಿನ ಮೇಲುಗಡೆ ತೂಗುತ್ತಿತ್ತು. ಮೊರಿತಾ ಅದರ ಎದುರು ಕೈ ಹಿಂದೆ ಕಟ್ಟಿ ನಿಂತಿದ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆಗೆದು ಒರೆಸಿದರು.

ಗೋಪಾಲಕೃಷ್ಣರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಸೇರಿಸಿದರು. ಹಿಂದಿನ ದಿನ ಫೋನಿನಲ್ಲಿ ಓದಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ಹುಮ್ಮಸ್ಸು ಅವರ ಮುಖದಲ್ಲಿ ಉಕ್ಕುತ್ತಿತ್ತು. ಜಪಾನಿನ ಚಳಿಗಾಲ ಎಂದರೆ ಬರೀ ಚಳಿಗಾಲ ಅಲ್ಲ ಎಂದರು. ಮನುಷ್ಯನ ಅಹಂಕಾರ ಅಡಗುವ ಕಾಲ ಎಂದರು. ಈ ಸೇತುವೆ ಸಂಸಾರ, ಆಚೆ ದಡ ಮೋಕ್ಷ, ನಮ್ಮ ಉಪನಿಷತ್ತಿನಲ್ಲೂ ಇದೇ ಇರುವುದು ಎಂದರು. ಒಂದು ವಾಕ್ಯ ಇಂಗ್ಲಿಷಿನಲ್ಲಿ ಮೊರಿತಾಗೆ, ಒಂದು ಕನ್ನಡದಲ್ಲಿ ಸಂಘಕ್ಕೆ. ಸಂಘ ಚೀಪುವುದನ್ನು ನಿಲ್ಲಿಸದೆ ತಲೆದೂಗಿತು.

"ಮುಖ್ಯ ಇರುದು ಇಲ್ಲಿ," ಎಂದು ಅವರು ಬೆರಳನ್ನು ಆಕಾಶಕ್ಕೆ ಒತ್ತಿದರು. "ಈ ಹಿಮ ಬೀಳುದು ನೋಡಿ. ಇಲ್ಲಿ, ಇಲ್ಲಿ, ಇಲ್ಲಿ. ಎಷ್ಟು ಬೀಳ್ತಾ ಉಂಟು, ಆದ್ರೆ ಸೌಂಡ್ ಉಂಟಾ? ಇಲ್ಲ. ಅದೇ ಶಾಂತಿ."

ಬೀಳುವ ಹಿಮದ ಒಂದು ಕಣವೂ ಅಲ್ಲಿ ಇರಲಿಲ್ಲ. ಅವರು ಒತ್ತಿದಲ್ಲೆಲ್ಲ ಗಾಜಿನ ಮೇಲೆ ಸುಕ್ಕದ ಎಣ್ಣೆ ಕೂತಿತು, ಸ್ವಚ್ಛ ಆಕಾಶದಲ್ಲಿ ಮೂರು ಹಳದಿ ಕಲೆ. ಸಂಘದ ಕಾರ್ಯದರ್ಶಿ, ವಾಹ್, ಮುಟ್ಟಿದರೆ ಕೈ ತಣ್ಣಗಾಗುತ್ತದೇನೋ ಎನ್ನಿಸುವಂತಿದೆ ಎಂದ. ಅವನ ಹೆಂಡತಿ ಬೀಳುವ ಹಿಮದ ಜೊತೆ ಸೆಲ್ಫಿ ತೆಗೆದುಕೊಂಡಳು. ಇಲ್ಲದ್ದನ್ನು ನೋಡಿ ಇಷ್ಟು ಜನ ಒಟ್ಟಿಗೆ ಸಂತೋಷಪಡಬಹುದು ಎಂದು ಉಮಾವತಿ ಎಣಿಸಿರಲಿಲ್ಲ. ಇವರಲ್ಲಿ ಯಾರೂ ಚಿತ್ರ ನೋಡುತ್ತಿಲ್ಲ, ಎಲ್ಲರೂ ಗೋಪಾಲಕೃಷ್ಣರ ಮುಖ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

ನೋಡಿದವರು ಒಬ್ಬರೇ. ಕಂಪನಿಯ ಒಮಾನಿ ಪಾಲುದಾರ ತಮೀಮ್. ಮಿತಭಾಷಿ. ಅವರು ತಮ್ಮ ಬಿಳಿ ನಿಲುವಂಗಿ ದಿಶ್ದಾಶದ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಹಿಂದಿರುಗಿ, ಮೇಲಿಂದ ಏನೂ ಬೀಳುತ್ತಿಲ್ಲವಲ್ಲ, ಹಾಗಾದರೆ ಈ ಮನುಷ್ಯ ಕೊಡೆ ಯಾಕೆ ಹಿಡಿದಿದ್ದಾನೆ, ಬಿಸಿಲಿಗೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದ್ದು.

ಗೋಪಾಲಕೃಷ್ಣರು ಮೊದಲ ಸಲ ಚಿತ್ರದ ಕಡೆ ತಿರುಗಿದರು. ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಹೇಳುವುದಿದ್ದರೆ ಇದೇ ಟೈಮು ಎಂದು ಉಮಾವತಿ ಗಂಡನ ಕಡೆ ನೋಡಿದಳು. ಲತೇಶ ಆಗಲೇ ಎರಡು ಹೆಜ್ಜೆ ಮುಂದೆ ಬಂದಿದ್ದ, ಕೈ ಮುಂದೆ ಕಟ್ಟಿಕೊಂಡಿದ್ದ.

"ಸರ್, ಅದೇ ಇದರ ಬ್ಯೂಟಿ," ಎಂದ ಅವನು. "ಹಿಮ ನಿಂತು ಹೋಗಿದೆ. ಆದ್ರೂ ಅವನು ಕೊಡೆ ಮಡಚಲಿಲ್ಲ. ದೊಡ್ಡವರು ಮಡಚು ಅಂತ ಹೇಳುವವರೆಗೆ ಹಿಡ್ಕೊಂಡೇ ಇರ್ತಾನೆ. ಅದು ಜಪಾನಿನ ಶಿಸ್ತು. ಸರ್ ನಮಗೆ ಆಫೀಸಿನಲ್ಲಿ ಹೇಳಿಕೊಡುದೂ ಅದೇ."

ಗೋಪಾಲಕೃಷ್ಣರ ಬಾಯಿ ಮುಚ್ಚಿಕೊಂಡಿತು, ನಗು ಬಂತು. ಅಷ್ಟು ಹೊತ್ತು ಬೀಳುವ ಹಿಮಕ್ಕೆ ತಲೆದೂಗಿದವರೇ ಈಗ ನಿಂತ ಹಿಮಕ್ಕೂ ತಲೆದೂಗಿ ಚಪ್ಪಾಳೆ ತಟ್ಟಿದರು. ಎಣ್ಣೆ ಕೈಗಳ ಚಪ್ಪಾಳೆ. ಉಮಾವತಿ ಮೊರಿತಾರನ್ನು ನೋಡಿದಳು. ಅವರು ಮೂರನೆಯ ಸಲ ಕನ್ನಡಕ ಒರೆಸುತ್ತಿದ್ದರು.

ಅವಳು ಜನರನ್ನು ಸರಿಸಿಕೊಂಡು ಹೋಗಿ ಅವರ ಎದುರು ನಿಂತಳು. ಬಡಿಸ್ಲಿಕ್ಕೆ ಹೆಲ್ಪ್ ಮಾಡು ಹೋಗು ಎಂದು ಲತೇಶ ಹಲ್ಲಿನೊಳಗಿಂದ ಹೇಳಿದ್ದು ಕೇಳಿಸಿತು. ಅವಳ ಇಂಗ್ಲಿಷು ಅಂಗಡಿಯಲ್ಲಿ ಕಲಿತದ್ದು, ಅಳತೆ ಮತ್ತು ಬಣ್ಣಗಳಿಗೆ ಸಾಕಾಗುವಷ್ಟು. ಅದರಲ್ಲೇ ಹೇಳಿದಳು. ನಿಮ್ಮ ಚಿತ್ರದಲ್ಲಿ ಹಿಮ ಇತ್ತು. ನಾನು ಅದನ್ನು ಬೂಷ್ಟು ಎಂದುಕೊಂಡೆ. ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಚಿತ್ರಗಳಿಗೆ ಬೂಷ್ಟು ಬರುತ್ತದೆ. ನಾನು ಹತ್ತಿಯಲ್ಲಿ ಒರೆಸಿ ತೆಗೆದೆ. ತಪ್ಪು ನನ್ನದು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೂ ಹೇಳಿದಳು.

"ಹಿಮ ನಿಂತದ್ದಲ್ಲ. ನಾನು ಒರೆಸಿದ್ದು."

ಮೊರಿತಾರ ಮುಖ ಕೆಂಪಾಯಿತು. ನಾನು ಸ್ವಚ್ಛ ಮಾಡಲು ಕೇಳಿರಲಿಲ್ಲವಲ್ಲ ಎಂದರು. ಸಿಟ್ಟಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಇಲ್ಲ, ಕೇಳಿರಲಿಲ್ಲ ಎಂದಳು ಅವಳು. ಆ ಬಿಳುಪು ಸಮುದ್ರದ ಚಿಪ್ಪನ್ನು ಅರೆದು ಮಾಡಿದ್ದು, ಅಚ್ಚು ಒತ್ತಿಯಾದ ಮೇಲೆ ಕುಂಚದಿಂದ ಸಿಡಿಸುತ್ತಾರೆ, ಒಂದು ಪ್ರತಿಯಲ್ಲಿ ಬಿದ್ದ ಹಾಗೆ ಇನ್ನೊಂದರಲ್ಲಿ ಬೀಳುವುದಿಲ್ಲ ಎಂದರು. ಏನಾದರೂ ಉಳಿದಿದೆಯೇ ಎಂದು ಕೇಳಿದರು. ಅವಳು ಕಸದ ಬುಟ್ಟಿಯ ವಿಷಯ ಹೇಳಿದಳು. ಚಾದ ಚೀಲವನ್ನೂ ಬಿಡಲಿಲ್ಲ.

"ಒಂದು ಗಂಟೆಯಿಂದ ಇವರೆಲ್ಲ ನನಗೆ ಹಿಮ ಬೀಳುತ್ತಿದೆ ಎಂದು ಹೇಳುತ್ತಿದ್ದಾರೆ," ಎಂದರು ಮೊರಿತಾ, ನಿಧಾನ ಇಂಗ್ಲಿಷಿನಲ್ಲಿ. "ಕಳೆದ ವರ್ಷ ನನಗೆ ಕಣ್ಣಿನ ಆಪರೇಷನ್ ಆಗಿದೆ. ನನ್ನ ಕಣ್ಣೇ ಹೋಯಿತು ಎಂದುಕೊಂಡಿದ್ದೆ."

ತಮೀಮ್ ತಲೆ ತಗ್ಗಿಸಿದರು. ಬೇರೆ ಯಾರೂ ತಗ್ಗಿಸಲಿಲ್ಲ. ಎಲ್ಲರೂ ಗೋಪಾಲಕೃಷ್ಣರ ಮುಖವನ್ನೇ ಕಾಯುತ್ತಿದ್ದರು, ಯಾವ ಬಗೆಯ ಮುಖ ಮಾಡಬೇಕೆಂದು ಅಲ್ಲಿಂದ ತಿಳಿಯಬೇಕಿತ್ತು. ಗೋಪಾಲಕೃಷ್ಣರು ನಕ್ಕರು. ಅದಕ್ಕೇನು, ಈಗಲೂ ಚಂದವೇ ಇದೆ, ಊಟ ಆರುತ್ತದೆ ಬನ್ನಿ ಎಂದರು. ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಅವರು ಲತೇಶನ ಕಡೆ ಬಗ್ಗಿದರು.

"ನಿನಗೆ ಗೊತ್ತಿತ್ತಾ ಇದು?"

"ಇಲ್ಲ ಸರ್," ಎಂದ ಲತೇಶ. "ದೇವರಾಣೆ. ಈಗ ಕೇಳುದು. ಅವಳು ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ."

ಉಮಾವತಿ ಪಕ್ಕದಲ್ಲೇ ನಿಂತಿದ್ದಳು. ಕೆಲಸ ಹೋಗಬಹುದು ಎಂದು ಅವಳು ಲೆಕ್ಕ ಹಾಕಿಯೇ ಬಾಯಿ ತೆರೆದದ್ದು, ಮಗಳ ಶಾಲೆಯನ್ನೂ ಯೋಚಿಸಿದ್ದಳು. ಇದೊಂದು ಅವಳ ಲೆಕ್ಕದಲ್ಲಿ ಇರಲಿಲ್ಲ. ಹದಿನಾರು ವರ್ಷ ಒಂದೇ ಬಟ್ಟಲಿನಲ್ಲಿ ಉಂಡ ಮನುಷ್ಯನನ್ನು ಕಂಡು ಹೇಸುವುದು ಎಷ್ಟು ಸುಲಭ ಎಂದು ಅವಳಿಗೆ ಆಶ್ಚರ್ಯವಾಯಿತು. ಸೊಳ್ಳೆ ಬಿದ್ದ ಹಾಲನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ಭಾನುವಾರ ಆಫೀಸಿಗೆ ಬಂದ ಕೂಡ್ಲೇ ನನ್ನನ್ನು ನೋಡು," ಎಂದರು ಗೋಪಾಲಕೃಷ್ಣರು.

ಮೊರಿತಾ ಊಟಕ್ಕೆ ನಿಲ್ಲಲಿಲ್ಲ. ಸಾಮಾನು ಕಟ್ಟುವುದಿದೆ ಎಂದು ಹೇಳಿ ಎಲ್ಲರಿಗೂ ಬಗ್ಗಿ ನಮಸ್ಕರಿಸಿದರು. ಚಿತ್ರದ ಕಡೆ ಮತ್ತೆ ನೋಡಲಿಲ್ಲ. ಉಮಾವತಿಯ ಹತ್ತಿರ ಬಂದಾಗ, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು, ಕ್ಷಮಿಸಿದೆ ಎನ್ನಲಿಲ್ಲ. ಅವಳಿಗೆ ಅದೇ ಸರಿ ಎನಿಸಿತು. ಅವರ ಕಾರು ರಸ್ತೆಯ ಆಚೆ, ಖಾಲಿ ನಿವೇಶನದಲ್ಲಿ ದೂರಕ್ಕಿತ್ತು. ಗೋಪಾಲಕೃಷ್ಣರು ಕಳಿಸಿಕೊಡಲು ಹೊರಟರು. ಬಾಗಿಲು ತೆರೆಯುತ್ತಲೇ ಬಿಸಿಗಾಳಿ ಒಳಗೆ ನುಗ್ಗಿತು.

ಲತೇಶ ಬಾಗಿಲ ಮೂಲೆಯಲ್ಲಿದ್ದ ಕಂಪನಿಯ ದೊಡ್ಡ ಕೊಡೆಯನ್ನು ಕಸಿದುಕೊಂಡು ಅವರ ಹಿಂದೆ ಓಡಿದ.

ಉಮಾವತಿ ಕಿಟಕಿಯ ಪರದೆ ಸರಿಸಿದಳು. ಮೊರಿತಾ ಮುಂದೆ ಒಬ್ಬರೇ ವೇಗವಾಗಿ ಹೋಗುತ್ತಿದ್ದರು. ಹಿಂದೆ ಗೋಪಾಲಕೃಷ್ಣರು. ಅವರ ತಲೆಯ ಮೇಲೆ ಕೊಡೆ ಬರುವಂತೆ ಕೈ ಚಾಚಿ, ತಾನು ಪೂರ್ತಿ ಬಿಸಿಲಿನಲ್ಲಿದ್ದು, ಲತೇಶ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಹೋಗುತ್ತಿದ್ದ. ಗಾಳಿಗೆ ಕೊಡೆ ಎಳೆದಾಡಿತು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು ಬೆನ್ನು ಬಾಗಿಸಿದ. ಬಿಳಿ ಮರಳಿನ ಮೇಲೆ ಆ ಬೆನ್ನು ಸಣ್ಣದಾಗುತ್ತ ಹೋಯಿತು. ಮೇಲೆ ಆಕಾಶದಲ್ಲಿ ಏನೂ ಇರಲಿಲ್ಲ.